ಭುಜದ ಮೂಳೆ ನಾಲ್ಕು ತುಂಡಾಗಿದೆ, ಹೆಮಿ ಮಾಡಿಸೋದಾ ರಿವರ್ಸ್ ಮಾಡಿಸೋದಾ?

ಪ್ರಶ್ನೆ:
ಅಮ್ಮಂಗೆ 74 ವರ್ಷ, ಜಾರಿ ಬಿದ್ದು ಬಲಗೈ ಮೇಲ್ಭಾಗದ ಮೂಳೆ ಭುಜದ ಹತ್ರಾನೇ ಮುರಿದಿದೆ. ಸಿಟಿ ಸ್ಕ್ಯಾನ್ ನೋಡಿ ಫೋರ್ ಪಾರ್ಟ್ ಫ್ರಾಕ್ಚರ್ ಅಂದ್ರು. ಒಬ್ಬ ಡಾಕ್ಟ್ರು ಮೂಳೆ ತುದಿಯ ಗುಂಡು ಮಾತ್ರ ಬದಲಾಯಿಸೋ ಹೆಮಿ ಸಾಕು ಅಂತಾರೆ, ಇನ್ನೊಬ್ರು ರಿವರ್ಸ್ ಶೋಲ್ಡರ್ ಮಾಡಿಸಿ ಅಂತಾರೆ, ನೆಂಟರು ನೋಡಿದ್ರೆ ಆಪರೇಷನ್ನೇ ಬೇಡ ಕೈ ಜೋಳಿಗೆ ಹಾಕ್ಕೊಂಡ್ರೆ ತಾನಾಗೇ ಕೂಡ್ಕೊಳುತ್ತೆ ಅಂತಿದಾರೆ. ತಲೆ ಕೆಟ್ಟೋಗಿದೆ, ಗೊತ್ತಿರೋರು ಬಿಡಿಸಿ ಹೇಳಿ.

ಉತ್ತರ 1:
ಹೆಮಿಲಿ ಮೂಳೆಯ ಗುಂಡಿನ ಜಾಗಕ್ಕೆ ಲೋಹದ ಗುಂಡು ಕೂರಿಸ್ತಾರೆ, ಆದ್ರೆ ಕೈ ಎತ್ತೋಕೆ ರೊಟೇಟರ್ ಕಫ್ ಅನ್ನೋ, ಭುಜದ ಕೀಲು ಸುತ್ತಿರೋ ಸ್ನಾಯುಗಳು ಬೇಕೇ ಬೇಕು. ಆ ಸ್ನಾಯುಗಳು ಅಂಟಿಕೊಂಡಿರೋ ಎರಡು ಚಿಕ್ಕ ಮೂಳೆ ತುಂಡುಗಳನ್ನ (ಟ್ಯೂಬರಾಸಿಟಿ ಅಂತಾರೆ) ದಾರದಲ್ಲಿ ಬಿಗಿದು ಕಟ್ತಾರೆ, ಅವು ಕೂಡಿಕೊಂಡ್ರೆ ಚೆನ್ನಾಗಿರುತ್ತೆ, ವಯಸ್ಸಾದೋರ ಮೆದು ಮೂಳೆಲಿ ಎಷ್ಟೋ ಸಲ ಜರುಗಿಬಿಡುತ್ತೆ ಅಥವಾ ಕರಗಿಹೋಗುತ್ತೆ, ಆಮೇಲೆ ಕೈ ಭುಜದ ಮಟ್ಟಕ್ಕೂ ಏಳಲ್ಲ. ರಿವರ್ಸ್‌ನಲ್ಲಿ ಗುಂಡನ್ನ ಹೆಗಲ ಮೂಳೆ ಕಡೆ, ಬಟ್ಟಲನ್ನ ತೋಳಿನ ಕಡೆ ಉಲ್ಟಾ ಕೂರಿಸ್ತಾರೆ, ಆಗ ಭುಜದ ಹೊರಗಡೆ ಇರೋ ಡೆಲ್ಟಾಯ್ಡ್ ಸ್ನಾಯುವೇ ಕೈ ಎತ್ತುತ್ತೆ. 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮಾಂಟ್ ಮಾಡಿದ ಡಿಸೈನ್ ಇದು. ಈ ವಯಸ್ಸಿಗೆ, ಕೀಲು ಬದಲಾಯಿಸಲೇಬೇಕು ಅಂತಾದ್ರೆ ನನ್ನ ಓಟು ರಿವರ್ಸ್‌ಗೆ. ಅಲ್ಲೂ ಟ್ಯೂಬರಾಸಿಟಿ ಕೂಡಿದ್ರೆ ಕೈ ಹೊರಗಡೆ ತಿರುಗಿಸೋದು ಸುಲಭ, ಹಾಗಾಗಿ ಅದನ್ನ ಕಟ್ತೀರಾ ಅಂತ ಸರ್ಜನ್‌ನ ಕೇಳಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ನೆಂಟರ ಮಾತನ್ನೂ ತಳ್ಳಿಹಾಕಬೇಡಿ. 2015ರಲ್ಲಿ ಬಂದ ಬ್ರಿಟನ್ನಿನ ಪ್ರೊಫರ್ ಟ್ರಯಲ್‌ನಲ್ಲಿ 250 ಜನರನ್ನ 2 ವರ್ಷ ನೋಡಿದ್ರು, ಆಪರೇಷನ್ ಆದೋರಿಗೂ ಆಗದೋರಿಗೂ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಆದ್ರೆ ಆಪರೇಷನ್ ಆಗಲೇಬೇಕು ಅನ್ನೋ ಕೇಸ್‌ಗಳನ್ನ ಅದರಲ್ಲಿ ಸೇರಿಸಿರಲಿಲ್ಲ, ಗುಂಡು ಒಡೆದು ಸೀಳಿದ್ರೆ ಅಥವಾ ಕೀಲಿಂದ ಹೊರಗೆ ಜಾರಿದ್ರೆ ಲೆಕ್ಕಾಚಾರವೇ ಬೇರೆ. ಅಮ್ಮನ ಸ್ಕ್ಯಾನ್‌ನಲ್ಲಿ ಹಾಗಿದೆಯಾ?

ಪ್ರಶ್ನೆ ಕೇಳಿದವರು:
ಹೌದು, ಗುಂಡು ಸೀಳಿದೆ ಅಂದಿದಾರೆ. ಪ್ಲೇಟ್ ಹಾಕಿದ್ರೆ ಆಗಲ್ವಾ? ಒಂದು ವಾರ ಯೋಚನೆ ಮಾಡಿದ್ರೆ ತೊಂದ್ರೆನಾ?

ಉತ್ತರ 2:
ಸೀಳಿದ್ರೆ ಗುಂಡಿಗೆ ರಕ್ತ ಹೋಗೋದು ನಿಂತು ಮೂಳೆ ಸಾಯೋ ಭಯ ಇರುತ್ತೆ, ಮೆದು ಮೂಳೆಲಿ ಸ್ಕ್ರೂ ಕೀಲೊಳಗೇ ಚುಚ್ಚಿಕೊಂಡು ಬರುತ್ತೆ, ಅದಕ್ಕೇ ಈ ವಯಸ್ಸಲ್ಲಿ ಪ್ಲೇಟ್ ಕಷ್ಟ. ನಾರ್ವೆಯ ಡೆಲ್ಫಿ ಟ್ರಯಲ್‌ನಲ್ಲೂ 65ರಿಂದ 85 ವಯಸ್ಸಿನೋರಿಗೆ ಪ್ಲೇಟ್‌ಗಿಂತ ರಿವರ್ಸ್ ಚೆನ್ನಾಗಿ ಕೆಲಸ ಮಾಡಿದೆ. ಒಂದು ವಾರ ಸಾಮಾನ್ಯವಾಗಿ ಪರವಾಗಿಲ್ಲ, ತುಂಬಾ ತಡ ಮಾಡಿದ್ರೆ ಮಾತ್ರ ತುಂಡುಗಳು ಅಂಟಿ ಬಿಡಿಸೋದು ಕಷ್ಟ.

ಉತ್ತರ 3:
ನಾನು ಫಿಸಿಯೋ, ಆಮೇಲಿನ ಕಥೆ ಹೇಳ್ತೀನಿ. ರಿವರ್ಸ್ ಆದ್ಮೇಲೆ ಮೊದಲ ವಾರಗಳಲ್ಲಿ ಕುರ್ಚಿಯಿಂದ ಏಳುವಾಗ ಆ ಕೈ ಊರಿ ಏಳಬಾರದು, ಕೈ ಬೆನ್ನ ಹಿಂದೆ ಒಯ್ಯಬಾರದು, ಕೀಲು ಜಾರೋದು ಹೆಚ್ಚಾಗಿ ಹಂಗೇನೇ. ಬಟ್ಟೆ ಹಾಕುವಾಗ ಪೆಟ್ಟಾದ ಕೈನೇ ಮೊದಲು ತೋಳಿಗೆ ತೂರಿಸಿ, ತೆಗೆಯುವಾಗ ಕೊನೇಲಿ. ತಲೆ ಬಾಚೋದು ಬರುತ್ತೆ, ಬೆನ್ನ ಹಿಂದೆ ಹುಕ್ ಹಾಕೋದು ಹೆಚ್ಚಿನವರಿಗೆ ಕಷ್ಟಾನೇ. ಇನ್ನೊಂದು, ಆಪರೇಷನ್‌ಗೆ ಮುಂಚೆ ಭುಜದ ಹೊರಭಾಗ ಮುಟ್ಟಿದ್ರೆ ಗೊತ್ತಾಗುತ್ತಾ, ಡೆಲ್ಟಾಯ್ಡ್ ಬಿಗಿಯಾಗುತ್ತಾ ಅಂತ ಚೆಕ್ ಮಾಡಿಸಿ ಬರೆಸಿಟ್ಕೊಳ್ಳಿ, ಬಿದ್ದಾಗ ಡೆಲ್ಟಾಯ್ಡ್ ನಡೆಸೋ ಆಕ್ಸಿಲರಿ ನರಕ್ಕೆ ಪೆಟ್ಟಾಗಿದ್ರೆ ರಿವರ್ಸ್ ಕೀಲಿಗೆ ಎತ್ತೋ ಶಕ್ತೀನೇ ಇರಲ್ಲ.

ಪ್ರಶ್ನೆ ಕೇಳಿದವರು:
ನರದ ವಿಷಯ ಯಾರೂ ಹೇಳಿರಲಿಲ್ಲ, ನಾಳೆ ಅದನ್ನೇ ಮೊದಲು ಕೇಳ್ತೀನಿ. ತುಂಬಾ ಥ್ಯಾಂಕ್ಸ್.

ಉತ್ತರ 1:
ಹಾಗೇ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಡೆಕ್ಸಾ ಸ್ಕ್ಯಾನೂ ಮಾಡಿಸಿ, ನಿಂತಲ್ಲೇ ಬಿದ್ದು ಹಿಂಗೆ ಮುರಿದಿದೆ ಅಂದ್ರೆ ಸೊಂಟದ ಮೂಳೆನೂ ಮುರಿಯೋಕೆ ಮುಂಚೇನೇ ಮೂಳೆ ಗಟ್ಟಿ ಮಾಡೋ ಔಷಧಿ ಶುರು ಮಾಡಬೇಕಾಗಬಹುದು.