‘ಒರಿಜಿನಲ್ ರಿಸರ್ಚ್’ಗೆ ಏನನ್ನೋಣ? ಜೊತೆಗೆ ಸದಸ್ಯ, ಉಚಿತ

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯ ಒಂದು ವಿಜ್ಞಾನ ಸಂಘದವರು ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಮುಂದೆ ಬಂದಿದ್ದಾರೆ. ಹೆಚ್ಚಿನವರು ನಿವೃತ್ತ ಮೇಷ್ಟ್ರುಗಳು, ಕಾಲೇಜಿನ ಅಧ್ಯಾಪಕರು. ವಿಷಯ ಗೊತ್ತು, ಕನ್ನಡ ಚೆನ್ನಾಗಿದೆ. ಅವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದೆ.

ಮುಖ್ಯವಾಗಿ ‘ನೋ ಒರಿಜಿನಲ್ ರಿಸರ್ಚ್’ ಎಂಬ ನಿಯಮ. ಬೇರೆಲ್ಲೂ ಪ್ರಕಟವಾಗದ ಹೊಸ ವಾದ, ಹೊಸ ಲೆಕ್ಕ ಲೇಖನದಲ್ಲಿ ಇರಬಾರದು ಅಂತ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದು ಹುಟ್ಟಿದ್ದೇ ಭೌತವಿಜ್ಞಾನದ ಪುಟಗಳಿಗೆ ತಮ್ಮದೇ ಸಿದ್ಧಾಂತ ತಂದು ಸುರಿಯುವವರ ಕಾಟ ತಡೆಯಲು. ‘ಮೂಲ ಸಂಶೋಧನೆ ಸಲ್ಲದು’ ಅಂತ ಬರೆದರೆ ಎಡವಟ್ಟು. ‘ಮೂಲ ವಿಜ್ಞಾನ’ ಅಂದರೆ ಬೇಸಿಕ್ ಸೈನ್ಸ್ ಅಲ್ವಾ, ಹಾಗಾಗಿ ಅವರ ಕಿವಿಗೆ ಇದು ಬೇಸಿಕ್ ರಿಸರ್ಚ್ ಅಂತಲೇ ಬೀಳುತ್ತದೆ. ಸಾಲದ್ದಕ್ಕೆ ಆಧಾರಕ್ಕೂ ನಾವು ‘ಮೂಲ’ ಅನ್ನುತ್ತೇವೆ. ಆಗ ಕೈಪಿಡಿ ಹೀಗಾಗುತ್ತದೆ: ‘ಪ್ರತಿ ಮಾತಿಗೂ ಮೂಲ ಕೊಡಿ, ಆದರೆ ಮೂಲ ಸಂಶೋಧನೆ ಬೇಡ.’ ಓದಿದವರು ನಗದೆ ಏನು ಮಾಡಿಯಾರು!

‘ಸ್ವಂತ ಸಂಶೋಧನೆ’ ಅಂತ ಹಾಕಿ ನೋಡಿದೆ. ಹಕ್ಕಿಗಳ ಲೆಕ್ಕ ಇಡುವ ಮೇಷ್ಟ್ರೊಬ್ಬರು ತಕ್ಷಣ ಕೇಳಿದರು: “ನಮ್ಮೂರ ಕೆರೆಗೆ ಯಾವ ಹಕ್ಕಿ ಯಾವ ತಿಂಗಳು ಬರುತ್ತೆ ಅಂತ ನಾನೇ ಬರೆದಿಟ್ಟಿದ್ದೀನಿ. ಸ್ವಂತದ್ದು ಬೇಡ ಅಂದ್ರೆ ಕದ್ದು ತರಲಾ?” ಸಂಶೋಧಕರಿಗೆ ಸ್ವಂತದ್ದು ಅನ್ನೋದೇ ಹೊಗಳಿಕೆ. ಮೇಲಾಗಿ, ಅದೇ ಹಕ್ಕಿಯ ಸ್ವಂತ ಫೋಟೋವನ್ನು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ ಅಂತ ನಾವೇ ಗೋಗರೆಯುತ್ತೇವೆ. ಲೆಕ್ಕ ಮಾತ್ರ ಮೊದಲು ನಂಬುವಂಥ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬಂದಿರಬೇಕು. ಅಂದರೆ ತಕರಾರು ಇರುವುದು ‘ಸ್ವಂತ’ದ ಮೇಲಲ್ಲ, ಪ್ರಕಟವಾಗದೇ ಇರುವುದರ ಮೇಲೆ.

ಹಾಗಾದರೆ ‘ಅಪ್ರಕಟಿತ ಸಂಶೋಧನೆ’? ಹತ್ತಿರ ಬಂತು, ಆದರೆ ಪೂರ್ತಿ ಅಲ್ಲ. ಎರಡು ಪ್ರಬಂಧಗಳಲ್ಲಿ ಪ್ರಕಟವಾದ ಮಾತುಗಳನ್ನು ಜೋಡಿಸಿ, ಎರಡರಲ್ಲೂ ಇಲ್ಲದ ಮೂರನೇ ತೀರ್ಮಾನ ಹೇಳುವುದನ್ನೂ ಈ ನಿಯಮ ಒಪ್ಪುವುದಿಲ್ಲ. ವಿಜ್ಞಾನದವರು ಎಡವುವುದು ಜಾಸ್ತಿ ಇಲ್ಲೇ. ಸದ್ಯಕ್ಕೆ ನನ್ನ ಒಲವು ‘ಹೊಸ ತೀರ್ಮಾನ ಬೇಡ’ ಎಂಬುದರ ಕಡೆಗೆ. ‘ಸಂಶೋಧನೆ’ಯನ್ನೇ ಕೈಬಿಟ್ಟರೆ ಜಗಳ ಕಮ್ಮಿ. ಆದರೆ ಹಕ್ಕಿಗಳ ಪಟ್ಟಿಯನ್ನು ‘ತೀರ್ಮಾನ’ ಅನ್ನಬಹುದಾ?

ಎರಡನೆಯದು ‘ಸದಸ್ಯ’. ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದವರೆಲ್ಲ ಸದಸ್ಯರು. ಸಂಘದಲ್ಲಿ ಚಂದಾ ಕಟ್ಟಿದವರು ಸದಸ್ಯರು. ಖಾತೆ ಇರುವ ಪ್ರತಿಯೊಬ್ಬರಿಗೂ ಇರುವ ‘ಸದಸ್ಯರ ಪುಟ’ದ ಮಾತು ಬಂದಾಗ ಅಧ್ಯಕ್ಷರು ಪದಾಧಿಕಾರಿಗಳ ಪಟ್ಟಿ ಹುಡುಕಿಸಿದರು. ಸಂಘದ ಹೆಸರಲ್ಲೇ ಒಂದು ಖಾತೆ ತೆರೆದು ಎಲ್ಲರೂ ಬಳಸೋಣ ಅಂತಲೂ ಮಾತಾಯಿತು. ಒಂದು ಖಾತೆಯನ್ನು ಹಲವರು ಹಂಚಿಕೊಳ್ಳಬಾರದು ಅಂತ ವಿವರಿಸಬೇಕಾಯಿತು. ‘ಖಾತೆದಾರ’ ಅಂದರೆ ಬ್ಯಾಂಕು ನೆನಪಾಗುತ್ತೆ. ‘ಬಳಕೆದಾರ’ ಪರವಾಗಿಲ್ಲ, ಆದರೆ ಪರದೆಯ ಮೇಲೆ ‘ಸದಸ್ಯ’ ಅಂತಲೇ ಇದೆಯಲ್ಲ?

ಮೂರನೆಯದು, ‘ಫ್ರೀ’ ಎಂಬುದಕ್ಕೆ ‘ಉಚಿತ’ ಅನ್ನುವ ಗಲಾಟೆ. ಇದು ಹಳೆಯದು. “ನಮ್ಮ ಪತ್ರಿಕೆ ಉಚಿತವಾಗಿ ಹಂಚ್ತೀವಿ, ಲೇಖನ ಹಾಗೇ ಹಾಕ್ಕೊಳ್ಳಿ” ಅನ್ನುತ್ತಾರೆ ಸಂಘದವರು. ದುಡ್ಡಿಲ್ಲದೆ ಕೊಟ್ಟರೆ ಸಾಲದು. ಯಾರು ಬೇಕಾದರೂ ತಿದ್ದಿ, ಮಾರಿಯೂ ಬಳಸಬಹುದು ಅಂತ ಬರವಣಿಗೆಯಲ್ಲಿ ಪರವಾನಗಿ ಕೊಡಬೇಕು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದನ್ನು ಉದಾಹರಣೆಯಾಗಿ ಕೊಟ್ಟಿದ್ದೇನೆ. ಇಲ್ಲಿ ‘ಮುಕ್ತ’ ಎಂದೇ ಇಡುತ್ತೇನೆ. ಆಕ್ಷೇಪ ಇದ್ದರೆ ಹೇಳಿ.

ಕೊನೆಯದು ಸ್ವಲ್ಪ ತಮಾಷೆ. 2010ರಲ್ಲಿ ಬ್ರಿಟಿಷ್ ಮ್ಯೂಸಿಯಂ, 2014ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ತಮ್ಮಲ್ಲಿ ‘ವಿಕಿಪೀಡಿಯನ್ ಇನ್ ರೆಸಿಡೆನ್ಸ್’ ಅಂತ ಒಬ್ಬರನ್ನು ಇಟ್ಟುಕೊಂಡವು. ಆ ಸಂಸ್ಥೆಯ ಜನರಿಗೆ ವಿಕಿ ಕಲಿಸುವುದು ಇವರ ಕೆಲಸ. ‘ನಿವಾಸಿ’ ಅಂದರೆ ರೇಷನ್ ಕಾರ್ಡು ಕೇಳಿದ ಹಾಗಿರುತ್ತೆ. ಆಸ್ಥಾನ ವಿದ್ವಾನ್ ಇದ್ದ ಹಾಗೆ ‘ಆಸ್ಥಾನ ವಿಕಿಪೀಡಿಯನ್’ ಅಂತ ಗೆಳೆಯರೊಬ್ಬರು ಸೂಚಿಸಿದ್ದಾರೆ. ನನಗೇನೋ ಇಷ್ಟವಾಯಿತು, ಆದರೆ ಸಂಘದವರು ಪೇಟ, ಶಾಲು ತಂದುಬಿಟ್ಟಾರು.

ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಚರ್ಚಿಸುವ ಪುಟವಾದ ‘ವಿಲೇಜ್ ಪಂಪ್’ಗೆ ‘ಅರಳಿ ಕಟ್ಟೆ’ ಅಂತ ಹೆಸರಿಟ್ಟ ಪುಣ್ಯಾತ್ಮರು ಇಲ್ಲೇ ಇದ್ದರೆ ದಯವಿಟ್ಟು ಮೊದಲನೆಯ ಪದಕ್ಕೂ ಒಂದು ದಾರಿ ತೋರಿಸಿ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.