ಅಪ್‌ಡೇಟ್: ಕಥಾ ಸಂಕಲನ ನಾನೇ ಪ್ರಕಟಿಸಿದೆ

ಪ್ರಕಾಶಕರಿಲ್ಲದೆ ಕಥಾ ಸಂಕಲನ ತರಬಹುದಾ, ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಎಷ್ಟು ಖರ್ಚು ಅಂತ ಕೇಳಿದ್ದೆನಲ್ಲ, ಪುಸ್ತಕ ಬಂದಿದೆ. ಐಎಸ್‌ಬಿಎನ್ ಪೂರ್ತಿ ಉಚಿತ. ಅದನ್ನು ಕೊಡುವ ಸರ್ಕಾರಿ ಸಂಸ್ಥೆ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಇದಕ್ಕೇ ಒಬ್ಬರು ಪ್ಯಾಕೇಜ್ ಅಂತ ದುಡ್ಡು ಕೇಳಿದ್ದರು! ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿಯೂ ಇಲ್ಲ. ಆದರೆ ಗ್ರಂಥಾಲಯಗಳಿಗೆ ಪುಸ್ತಕ ಕೊಡುವ ಬಗ್ಗೆ ಇರುವ 1954ರ ಕಾಯ್ದೆ ಪ್ರಕಾರ, ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಇನ್ನೂ ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು.

ಕಷ್ಟ ಇರೋದು ಮಾರಾಟದಲ್ಲಿ. ಅಂಗಡಿಯವರು ಕೇಳುವ ಕಮಿಷನ್ ಕೊಟ್ಟರೆ ಪ್ರಿಂಟಿಂಗ್ ಖರ್ಚು ಹುಟ್ಟೋದೇ ಅನುಮಾನ. ಹಾಗಾಗಿ ಫೇಸ್‌ಬುಕ್‌ನಲ್ಲಿ ಒಂದು ಕಥೆಯನ್ನು ಪೂರ್ತಿ ಹಾಕಿ, ಕೆಳಗೆ ಯುಪಿಐ ನಂಬರ್ ಕೊಟ್ಟೆ. ಬಿಡುಗಡೆ ಸಮಾರಂಭಕ್ಕಿಂತ ಜಾಸ್ತಿ ಪ್ರತಿ ಅದರಿಂದಲೇ ಹೋಯಿತು. ಸಮಾರಂಭಕ್ಕೆ ಬಂದವರು ಉಪ್ಪಿಟ್ಟು ತಿಂದು ಗೌರವ ಪ್ರತಿ ಕೇಳಿದರು, ಬಿಡಿ. ಗ್ರಂಥಾಲಯ ಇಲಾಖೆಯ ಖರೀದಿಗೂ ಅರ್ಜಿ ಹಾಕಿದ್ದೇನೆ, ಸುದ್ದಿ ಬಂದಿಲ್ಲ.