ಡಿಲೀಟ್ ಆದ ಮೆಸೇಜು

ಮಂಡ್ಯದ ನಮ್ಮ ಪಿಯುಸಿ 98ನೇ ಬ್ಯಾಚ್ ಗುಂಪಲ್ಲಿ ಭಾನುವಾರ ಬೆಳಿಗ್ಗೆ ಬರೋದು ಎರಡೇ: ದೇವರ ಫೋಟೊ, ಕೆಆರ್‌ಎಸ್ ನೀರಿನ ಮಟ್ಟ. ಈ ಸಲ ಸ್ವಾಮಿ ಒಂದು ಫಾರ್ವರ್ಡ್ ಹಾಕಿದ.

ಸ್ವಾಮಿ: "ಬ್ರಿಟನ್ನಿನಲ್ಲಿ ಟ್ರಾನ್ಸ್‌ಜೆಂಡರ್ ಕಾನೂನೇ ರದ್ದು! ಗಂಡು ಗಂಡೇ, ಹೆಣ್ಣು ಹೆಣ್ಣೇ ಎಂದ ಸುಪ್ರೀಂ ಕೋರ್ಟ್! ಕೆಲಸ ಕಳ್ಕೊಂಡ ಮಹಿಳೆಗೆ ಜಯ! ಎಲ್ಲರಿಗೂ ಹಂಚಿ."

ಪುಟ್ಟರಾಜು: ಸರ್ಯಾಗ್ ಹೇಳವ್ರೆ. ಇಲ್ ನೋಡುದ್ರೆ ನಮ್ ಸರ್ಕಾರ 2021ರಲ್ಲೇ ಅವ್ರಿಗೆ ಕೆಲ್ಸದಲ್ಲಿ ಶೇ 1 ಮೀಸಲಾತಿ ಕೊಟ್ಟೈತೆ.

ರೇಖಾ: ಸ್ವಾಮಿ, ಇದನ್ನ ಬರೆದೋನು ಎರಡು ಕೇಸನ್ನ ಒಂದೇ ಗೋಣಿಚೀಲಕ್ಕೆ ತುಂಬವ್ನೆ. ಕೆಲಸದ್ದು ಮಾಯಾ ಫೋರ್‌ಸ್ಟೇಟರ್ ಅನ್ನೋರ ಕೇಸು. ಟ್ವಿಟ್ಟರಲ್ಲಿ ಬರೆದಿದ್ದಕ್ಕೆ ಕಾಂಟ್ರಾಕ್ಟ್ ಮುಂದುವರಿಸ್ಲಿಲ್ಲ ಅಂತ ಹೋದ್ರು. 2019ರಲ್ಲಿ ಸೋತು, 2021ರ ಜೂನಲ್ಲಿ ಅಪೀಲಲ್ಲಿ ಗೆದ್ರು. ಹುಟ್ಟಿದ ಲಿಂಗ ಬದಲಾಗಲ್ಲ ಅನ್ನೋ ನಂಬಿಕೆಗೂ ಅಲ್ಲಿನ 2010ರ ಸಮಾನತಾ ಕಾಯ್ದೇಲಿ ರಕ್ಷಣೆ ಇದೆ ಅಂತ ಆಯ್ತು. ಸುಪ್ರೀಂ ಕೋರ್ಟಿಂದು ಬೇರೆ, 2025ರ ಏಪ್ರಿಲ್ 16ರದ್ದು. ಆ ಕಾಯ್ದೇಲಿ 'ಹೆಣ್ಣು' ಅಂದ್ರೆ ಹುಟ್ಟಿನಿಂದ ಹೆಣ್ಣು ಅಂದ್ರು. ಯಾವ ಕಾನೂನೂ ರದ್ದಾಗಿಲ್ಲ. ಟ್ರಾನ್ಸ್‌ಜೆಂಡರ್ ಅಂತ ಭೇದ ಮಾಡಂಗಿಲ್ಲ ಅನ್ನೋದು ಹಾಗೇ ಇದೆ.

(ರೇಖಾ ವಕೀಲೆ. ಅವಳು ಟೈಪ್ ಮಾಡ್ತಿದ್ದಾಳೆ ಅಂದ್ರೆ ಅರ್ಧ ಗುಂಪು ಕಾಫಿಗೆ ಎದ್ದೋಗುತ್ತೆ.)

ಸ್ವಾಮಿ: ಒಟ್ನಲ್ಲಿ ಮನಸಲ್ಲಿರೋದ್ನ ಹೇಳುದ್ರೆ ಕೆಲ್ಸ ಕಿತ್ಕೋಬಾರ್ದು ತಾನೆ?

ರೇಖಾ: ಕಿತ್ಕೋಬಾರ್ದು, ನಾನೂ ಒಪ್ತೀನಿ. ಮಾಯಾ ಅಪೀಲಲ್ಲಿ ಗೆದ್ದ ಅದೇ ತೀರ್ಪಲ್ಲಿ ಇನ್ನೊಂದು ಮಾತೂ ಇದೆ. ಹಂಗಂತ ಟ್ರಾನ್ಸ್‌ಜೆಂಡರ್ ಜನರನ್ನ ಬಾಯಿಗ್ ಬಂದಂಗೆ ಅವನು ಅವಳು ಅಂತ ಕರೆಯೋಕೆ ಇದು ಪರ್ಮಿಷನ್ ಅಲ್ಲ ಅಂತ.

ಶಶಿಕಲಾ: ನಂದೊಂದು ಮಾತು. ನಾನು ಗಾರ್ಮೆಂಟ್ಸಲ್ಲಿ 14 ವರ್ಷ ದುಡಿದೋಳು. ಹೆಂಗಸರ ಬಾತ್ರೂಮಿಗೆ ಒಂದು ಚಿಲಕ ಹಾಕಿಸೋಕೇ ಆರು ತಿಂಗಳು ಆಯ್ತು. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಹೊರಗಡೆ ಬಾಗಿಲು ಎಳ್ಕೊಂಡು ನಿಂತಿರ್ತಿದ್ವಿ. ಈಗ ಯಾರು ಬಂದ್ರೂ ಒಳಕ್ಕೆ ಬಿಡಿ ಅಂದ್ರೆ ನಂಗೆ ಅಳುಕಾಗುತ್ತೆ. ಅದ್ನ ಹೇಳಿದ್ರೆ ನಾನು ಕೆಟ್ಟೋಳಾ?

ರೇಖಾ: ಯಾರಂದ್ರು ಶಶಿ? ಆದ್ರೆ ಚಿಲಕ ಹಾಕಿಸದೇ ಇದ್ದೋನು ಮ್ಯಾನೇಜರ್ ಕಣೆ, ಟ್ರಾನ್ಸ್‌ಜೆಂಡರ್ ಅಲ್ಲ.

ಶಶಿಕಲಾ: ಅದ್ ಸರಿ. ಆದ್ರೂ ಅಳುಕು ಅಳುಕೇ.

ಇಲ್ಲಿಗೆ ತಣ್ಣಗಾಯ್ತು ಅಂದ್ಕೊಂಡೆ. 9:42ಕ್ಕೆ ಸ್ವಾಮಿ ಮತ್ತೆ ಬಂದ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ತನ್ನ ಆಫೀಸಲ್ಲೂ "ಅಂಥವ್ರು ಒಬ್ರವ್ರೆ" ಅಂತ ಶುರು ಮಾಡಿ, ಈಗಿನ ಹೆಸರು, ಮುಂಚಿನ ಹೆಸರು, ಹುಟ್ಟೂರು ಎಲ್ಲಾ ಬರೆದ. ಇಲ್ಲಿ ಅದನ್ನ ನಾನು ಬರೆಯಲ್ಲ.

ಪುಟ್ಟರಾಜು: ಯಾವೂರು ಅಂದೆ? ಅದು ನಮ್ಮತ್ತೆ ಊರ್ ಕಣ್ಲಾ! ಯಾರ್ ಮಗ?

ರೇಖಾ: ಸ್ವಾಮಿ, ಅದನ್ನ ಡಿಲೀಟ್ ಮಾಡು. ಈಗ್ಲೇ.

ಸ್ವಾಮಿ: ಯಾಕೆ, ಸುಳ್ಳಾ?

ರೇಖಾ: ನಿಜ ಅಂತಾನೇ ಡಿಲೀಟ್ ಮಾಡು ಅಂತಿರೋದು. ನಿಂಗೆ ಹೆಂಗೆ ಗೊತ್ತಾಯ್ತು?

ಸ್ವಾಮಿ: ಪಿಎಫ್ ಫೈಲ್ ಬರೋದು ನನ್ ಟೇಬಲ್‌ಗೇ ಅಲ್ವಾ. ಹಳೇ ಮಾರ್ಕ್ಸ್ ಕಾರ್ಡ್ ಇತ್ತು.

ರೇಖಾ: ಹಂಗಾದ್ರೆ ಇದು ನಿನ್ ನಂಬಿಕೆ ಅಲ್ಲ, ಕಂಪನಿ ಫೈಲು. ನೀನು ಏನ್ ಬೇಕಾದ್ರೂ ನಂಬ್ಕೋ, ಫೈಲ್ ಯಾಕ್ ಬಿಚ್ಚಿದೆ? ನೌಕರರ ಲಿಂಗ ಗುರುತನ್ನ ಗೋಪ್ಯವಾಗಿಡೋ ವ್ಯವಸ್ಥೆ ಸಂಸ್ಥೆಗಳಲ್ಲಿ ಇರ್ಬೇಕು ಅಂತ 2020ರ ಟ್ರಾನ್ಸ್‌ಜೆಂಡರ್ ನಿಯಮಗಳಲ್ಲಿ ಬರೆದೈತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂತಲ್ಲ, ಆ ಕೇಸ್ ಹಾಕಿದ ಪುಟ್ಟಸ್ವಾಮಿಯವರು ನಮ್ ಹೈಕೋರ್ಟಲ್ಲೇ ಜಡ್ಜ್ ಆಗಿದ್ದೋರು. 2025ರ ಅಕ್ಟೋಬರಲ್ಲಿ ಶಾಲೆ ಕೆಲಸ ಕಳ್ಕೊಂಡ ಟ್ರಾನ್ಸ್‌ಜೆಂಡರ್ ಟೀಚರ್‌ಗೆ ನಮ್ ದೇಶದ ಸುಪ್ರೀಂ ಕೋರ್ಟೇ ಪರಿಹಾರ ಕೊಡ್ಸೈತೆ. ಅದನ್ನೂ ಫಾರ್ವರ್ಡ್ ಮಾಡು.

ಸ್ವಾಮಿ: ನಮ್ ಗುಂಪಲ್ ತಾನೆ ಹೇಳಿದ್ದು, ಪೇಪರ್‌ಗೆ ಹಾಕ್ಸುದ್ನಾ?

ಶಶಿಕಲಾ: ಸ್ವಾಮಿ, ತೆಗಿ ಅದನ್ನ. ಬಾತ್ರೂಮ್ ವಿಷ್ಯಕ್ಕೆ ನಾನು ನಾಳೆನೂ ಜಗಳ ಆಡ್ತೀನಿ, ಅದು ಬೇರೆ. ನನ್ ಡೈವೋರ್ಸ್ ಕಾಗದ ನಿನ್ ಟೇಬಲ್‌ಗೆ ಬಂದಿದ್ರೆ ಅದನ್ನೂ ಹಿಂಗೇ ಹಾಕ್ತಿದ್ಯಾ?

ಐದು ನಿಮಿಷ ಯಾರೂ ಮಾತಾಡ್ಲಿಲ್ಲ.

'ಈ ಸಂದೇಶವನ್ನು ಅಳಿಸಲಾಗಿದೆ.'

ಗುಂಪಲ್ಲಿ 63 ಜನ. 22 ನಿಮಿಷ ಇತ್ತು ಆ ಮೆಸೇಜು. ಅಡ್ಮಿನ್ ನಾನು, ನಾನೇ ಅಳಿಸಬಹುದಾಗಿತ್ತು. ಮುಂದೇನಾಗುತ್ತೆ ಅಂತ ಓದ್ತಾ ಕೂತಿದ್ದೆ.

ಸ್ವಾಮಿ: ತೆಗ್ದಿದೀನಿ. ಆಯ್ತಾ? ಮೇಲುಕೋಟೆ ಟ್ರಿಪ್‌ಗೆ ಯಾರ್ಯಾರ್ ಬತ್ತೀರ ಹೇಳಿ.

ಪುಟ್ಟರಾಜು: ನಾನ್ ಬತ್ತೀನಿ. ಅಂದಂಗೆ, ನಮ್ಮತ್ತೆಗೆ ಫೋನ್ ಮಾಡಿದ್ದೆ. ಆ ಮನೆಯವ್ರು ಗೊತ್ತಂತೆ.

ರೇಖಾ: ಏನಂತ ಕೇಳ್ದೆ ಪುಟ್ಟರಾಜು?

ಪುಟ್ಟರಾಜು: ಏನಿಲ್ಲ ಕಣಮ್ಮ. ಯಾರು ಅಂತ ಕೇಳ್ದೆ, ಅಷ್ಟೇಯ.